ತಡಮೆಯ ಆಚೆ

ಬಾಗಿಲು ತಟ್ಟಿದ್ದು ನನಗೆ ಕೇಳಿಸಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಜುಲೈ ತಿಂಗಳು. ಬೆಳಿಗ್ಗೆ ಐದೂಮುಕ್ಕಾಲು ಗಂಟೆ. ಹೊರಗೆ ಮಳೆ ಹೊಯ್ಯುತ್ತಿತ್ತು. ನಾನು ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದೆ. ಮಡಿಲಲ್ಲಿ ಸತ್ಯವೇದ (ಬೈಬಲ್), ಮೇಲೆ ಟ್ಯೂಬ್‌ಲೈಟ್. ದಿನದ ಅಧ್ಯಾಯ ಓದಿ ಆಗಿತ್ತು. ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ್ದೆ.

"ಅಕ್ಕಾರ, ಬಾಗ್ಲಾ ತಗೀರಿ..."

ಹೆಂಗಸಿನ ದನಿ. ಘಟ್ಟದ ಮೇಲಿನ ಕನ್ನಡ. ನಮ್ಮ ಮನೆಯ ಎದುರಿಗೆ ದೊಡ್ಡ ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸಕ್ಕೆ ಬಂದವರು ತಗಡಿನ ಶೆಡ್‌ಗಳಲ್ಲಿ ಇದ್ದರು. ಅಲ್ಲಿಂದಲೇ ಯಾರೋ ಬಂದಿರಬೇಕು ಎಂದು ಗೊತ್ತಾಯಿತು. ಪ್ರಾರ್ಥನೆ ಮುಗಿಸಿ ಏಳೋಣ ಅಂದುಕೊಂಡೆ. ಇನ್ನೊಮ್ಮೆ ತಟ್ಟಿತು. ಆಮೇಲೆ ನಿಂತಿತು.

ನಾನು ಮುಗಿಸಿದೆ. ಏನನ್ನೂ ಬಿಡದೆ ಮುಗಿಸಿದೆ. ನಮ್ಮ ಚರ್ಚಿನ ಸಭೆಯಲ್ಲಿ ಕಾಯಿಲೆಯಲ್ಲಿದ್ದವರ ಹೆಸರು ಹೇಳಿದೆ. ಮಕ್ಕಳ ಹೆಸರು ಹೇಳಿದೆ. ಕಷ್ಟದಲ್ಲಿರುವವರನ್ನು ನೆನಪು ಮಾಡಿಕೋ ಕರ್ತನೇ ಎಂದೂ ಬೇಡಿಕೊಂಡೆ. ಎದ್ದು ಹೋಗಿ ಬಾಗಿಲು ತೆಗೆದರೆ ಜಗಲಿಯಲ್ಲಿ ಒದ್ದೆ ಕಾಲಿನ ಗುರುತು ಮಾತ್ರ ಇತ್ತು.

ಈ ಕುರ್ಚಿಯಲ್ಲಿ ಕೂರುವುದು ನನಗೆ 19 ವರ್ಷಗಳ ಅಭ್ಯಾಸ. ಮದುವೆಯಾದ ಹೊಸತರಲ್ಲಿ ಒಂದು ದಿನ ಓದಿದರೆ ಮೂರು ದಿನ ಬಿಡುತ್ತಿದ್ದೆ. ಮಕ್ಕಳು ಸಣ್ಣವರಿದ್ದಾಗ ಅದೂ ಇಲ್ಲ. ಆಮೇಲೆ ನನ್ನ ಅಮ್ಮ ತೀರಿಕೊಂಡ ವರ್ಷ, ನಿದ್ದೆ ಬಾರದೆ ನಾಲ್ಕು ಗಂಟೆಗೇ ಎಚ್ಚರವಾಗುತ್ತಿದ್ದ ದಿನಗಳಲ್ಲಿ, ಕೀರ್ತನೆಗಳನ್ನು ಒಂದೊಂದಾಗಿ ಓದುತ್ತಾ ಹೋದೆ. 150 ಕೀರ್ತನೆ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಏಳುವುದು ಅಭ್ಯಾಸವಾಗಿತ್ತು. ಆ ಹೊತ್ತು ನನ್ನನ್ನು ಉಳಿಸಿತು. ಇದರಲ್ಲಿ ಎರಡು ಮಾತಿಲ್ಲ. ಈಗಲೂ ಯಾರಾದರೂ ಚಿಕ್ಕ ಹುಡುಗಿಯರು ಕೇಳಿದರೆ, ದಿನಾ ಅರ್ಧ ಗಂಟೆ ದೇವರ ಮುಂದೆ ಕೂತುಕೊಳ್ಳಿ, ಮನಸ್ಸಿದ್ದರೂ ಕೂರಿ, ಇಲ್ಲದಿದ್ದರೂ ಕೂರಿ ಎಂದೇ ಹೇಳುತ್ತೇನೆ.

ಆದರೆ ಆ ಕುರ್ಚಿ ಮೆಲ್ಲಮೆಲ್ಲನೆ ಬೇರೇನೋ ಆಗಿಬಿಟ್ಟಿತ್ತು. ಇಡೀ ಮನೆಯಲ್ಲಿ ನನಗೆ ಅತೀ ಬೆಚ್ಚಗಿನ ಜಾಗ ಅದು. ಅಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಇವರು ಕೂಡ ಆ ಹೊತ್ತಿನಲ್ಲಿ ಕಾಫಿ ಕೇಳುವುದಿಲ್ಲ.

ಇಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿದ್ದ ನನ್ನ ಅಜ್ಜಿ ಹೀಗಿರಲಿಲ್ಲ. ಅಜ್ಜಿ ಕನ್ನಡದಲ್ಲಿ ಓದುತ್ತಿದ್ದರು, ತುಳುವಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಸ್ವಿಸ್ ಊರು ಬಾಸೆಲ್ಲಿನ ಮಿಷನರಿಗಳು ಕಟ್ಟಿದ ನಮ್ಮ ಕಡೆಯ ಬಾಸೆಲ್ ಮಿಷನ್ ಸಭೆಯ ಹಳಬರಲ್ಲಿ ಇದು ಸಾಮಾನ್ಯ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಇಲ್ಲಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಗಿತ್ತು. ಆದರೂ ಸಭೆಯ ಓದು, ಹಾಡು ಎಲ್ಲ ಕನ್ನಡದಲ್ಲೇ ನಡೆದು ಬಂತು. ಅಜ್ಜಿಗೆ ಓದುವ ದೇವರು ಕನ್ನಡದವನು, ಮಾತಾಡುವ ದೇವರು ತುಳುವಿನವನು. ಪ್ರಾರ್ಥನೆ ಹತ್ತೇ ನಿಮಿಷ. ಮುಗಿದ ಕೂಡಲೇ ಸೆರಗು ಸರಿಮಾಡಿಕೊಂಡು, ಕೈಯಲ್ಲಿ ಏನಾದರೂ ಹಿಡಿದುಕೊಂಡು, ಬೇಲಿಯ ತಡಮೆ ದಾಟಿ ಹೊರಟುಬಿಡುತ್ತಿದ್ದರು. ಒಂದು ದಿನ ನಾಲ್ಕು ನುಗ್ಗೆಕಾಯಿ. ಒಂದು ದಿನ ಬಾಣಂತಿಗೆ ಕಷಾಯ. ಎಷ್ಟೋ ದಿನ ಬರಿಗೈ. ಅಜ್ಜಿ ವಾಕಿಂಗಿಗೆ ಹೋಗುತ್ತಾರೆ ಎಂದು ನಾವು ಮಕ್ಕಳು ತಿಳಿದುಕೊಂಡಿದ್ದೆವು.

ಈಗಿನ ಮಕ್ಕಳಿಗೆ ತಡಮೆ ಅಂದರೆ ಗೊತ್ತಿಲ್ಲ. ಬೇಲಿಯ ನಡುವೆ ಮನುಷ್ಯರು ಕಾಲೆತ್ತಿ ದಾಟುವುದಕ್ಕೆ, ದನ ನುಗ್ಗದ ಹಾಗೆ, ಮರದ ತುಂಡು ಅಡ್ಡ ಹಾಕಿ ಮಾಡುತ್ತಿದ್ದ ದಾರಿ. ಅದಕ್ಕೆ ಬೀಗ ಇಲ್ಲ. ಆದರೆ ದಾಟಬೇಕಾದರೆ ಕಾಲು ಎತ್ತಲೇಬೇಕು.

ಎಷ್ಟೋ ವರ್ಷಗಳ ಮೇಲೆ ಹೆರ್ನ್‌ಹುಟ್ ಊರಿನ ವಿಷಯ ಓದಿದಾಗ ಅಜ್ಜಿಯ ನೆನಪಾಯಿತು. ಜರ್ಮನಿಯ ಈ ಸಣ್ಣ ಊರಿನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಸಭೆಯವರು ನೆಲೆಸಿದ್ದರು. 1728ರಲ್ಲಿ ಅಲ್ಲಿ ದಿನಕ್ಕೊಂದು ಬೈಬಲ್ ವಾಕ್ಯ ಕೊಡುವ ಪದ್ಧತಿ ಶುರುವಾಯಿತು. 1731ರಿಂದ ಅದು ಪ್ರತಿವರ್ಷ ಪುಸ್ತಕವಾಗಿ ಬರುತ್ತಿದೆ, ಇಂದಿಗೂ. ಪುಸ್ತಕ ಬರುವ ಮೊದಲು ಏನು ಮಾಡುತ್ತಿದ್ದರು ಗೊತ್ತಾ? ಸಭೆಯವರು ಆ ದಿನದ ವಾಕ್ಯ ಹಿಡಿದುಕೊಂಡು ಮನೆಮನೆಗೆ ನಡೆದು ಹೋಗಿ ಬಾಗಿಲಲ್ಲಿ ಹೇಳುತ್ತಿದ್ದರು. ಆ ನೆಪದಲ್ಲಿ ಮನೆಯವರು ಹೇಗಿದ್ದಾರೆ ಎಂದು ನೋಡಿಕೊಂಡು ಬಂದ ಹಾಗೂ ಆಗುತ್ತಿತ್ತು. ಇವತ್ತು ನಮ್ಮ ಮೊಬೈಲಿಗೆ ಬೆಳಿಗ್ಗೆ ನಾಲ್ಕು ಗುಂಪುಗಳಿಂದ ದಿನದ ವಾಕ್ಯ ಬರುತ್ತದೆ, ಹೂವಿನ ಚಿತ್ರದ ಸಮೇತ. ವಾಕ್ಯ ಅದೇ. ಬಾಗಿಲ ತನಕ ನಡೆದು ಬರುವ ಮನುಷ್ಯ ಇಲ್ಲ.

ಆ ದಿನ ಸಂಜೆ ಶೆಡ್ಡಿನ ಕಡೆ ಹೋಗಿ ವಿಚಾರಿಸಿದೆ. ನಾಲ್ಕು ವರ್ಷದ ಮಗುವಿಗೆ ಜ್ವರ. ಗಂಡ ಊರಿಗೆ ಹೋಗಿದ್ದ. ಆಕೆಯ ಮೊಬೈಲ್ ಚಾರ್ಜ್ ಮುಗಿದಿತ್ತು. ರಿಕ್ಷಾದವರಿಗೆ ಒಂದು ಫೋನ್ ಮಾಡಿಕೊಡಿ ಎಂದು ಕೇಳುವುದಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಆಮೇಲೆ ಮಗುವಿಗೆ ಪ್ಲಾಸ್ಟಿಕ್ ಹೊದೆಸಿ, ಎತ್ತಿಕೊಂಡು, ಮಳೆಯಲ್ಲೇ ಮುಖ್ಯರಸ್ತೆಯ ತನಕ ನಡೆದಿದ್ದಳು. ವೆನ್ಲಾಕ್ ಆಸ್ಪತ್ರೆಯಲ್ಲಿ ಮಗುವನ್ನು ಸೇರಿಸಿಕೊಂಡಿದ್ದಾರೆ ಎಂದು ಪಕ್ಕದ ಶೆಡ್ಡಿನವರು ಹೇಳಿದರು.

ಆಸ್ಪತ್ರೆ ಇರುವ ಹಂಪನಕಟ್ಟೆಗೆ ಹೋದೆ. ಮಕ್ಕಳ ವಾರ್ಡಿನಲ್ಲಿ ಆಕೆಯನ್ನು ಹುಡುಕಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಬೈಯಬಹುದು ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಬಾಗಿಲು ತೆಗೆಯಲಿಲ್ಲ, ತಪ್ಪಾಯಿತು ಅಂದೆ. ಆಕೆ ಕೂತಲ್ಲಿಂದ ಎದ್ದು ನಿಂತಳು.

"ಹಂಗ್ಯಾಕ ಅಂತೀರಿ ಅಕ್ಕಾರ? ಕಿಡಕ್ಯಾಗಿಂದ ನೋಡಿದ್ನಿ. ನೀವು ಕಣ್ಣ ಮುಚ್ಗೊಂಡು ದೇವ್ರ ಮುಂದ ಕುಂತಿದ್ರಿ. ದೇವ್ರ ಮುಂದ ಕುಂತವ್ರನ್ನ ಹೆಂಗ ಎಬ್ಬಸೂದ್ರಿ?"

ನಾನು ಏನೂ ಹೇಳಲಾರದೆ ಮಗುವಿನ ಕಾಲು ಮುಟ್ಟಿ ನಿಂತೆ.

ಮಾರನೆಯ ಬೆಳಿಗ್ಗೆ ಕುರ್ಚಿಯಲ್ಲಿ ಕೂತವಳು ಒಂದು ಆಧಾರ ಹುಡುಕುತ್ತಿದ್ದೆ. ಮಾರ್ಕನ ಸುವಾರ್ತೆ ಮೊದಲನೇ ಅಧ್ಯಾಯ ನೆನಪಾಯಿತು. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ನೆರೆದಿತ್ತು. ಯೇಸು ಬಹಳ ಜನರನ್ನು ವಾಸಿಮಾಡಿದ. ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದ. ನೋಡಿ, ಯೇಸು ಕೂಡ ಜನರನ್ನು ಬಿಟ್ಟು ಪ್ರಾರ್ಥನೆಗೆ ಹೋದನಲ್ವಾ? ಈ ಒಂದು ವಚನ ಹಿಡಿದುಕೊಂಡು ನಾನು ಸಮಾಧಾನ ಮಾಡಿಕೊಳ್ಳಬಹುದಿತ್ತು. ನಮ್ಮ ಸಭೆಯಲ್ಲಿ ಮುಂಜಾನೆಯ ಪ್ರಾರ್ಥನೆಯ ಬಗ್ಗೆ ಮಾತಾಡುವಾಗ ಈ 35ನೇ ವಚನವನ್ನೇ ಎಲ್ಲರೂ ತೆಗೆಯುವುದು.

ಆದರೆ ಅಲ್ಲಿಗೆ ನಿಲ್ಲಿಸದೆ ಮುಂದೆ ಓದಿದೆ. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬರುತ್ತಾರೆ. ಎಲ್ಲರೂ ನಿನ್ನನ್ನೇ ಕೇಳುತ್ತಿದ್ದಾರೆ ಎನ್ನುತ್ತಾರೆ. ಆ ಊರಿನಲ್ಲಿ ಅವನಿಗೆ ಮರ್ಯಾದೆ ಇತ್ತು, ಉಳಿಯುವುದಕ್ಕೆ ಸೀಮೋನನ ಮನೆ ಇತ್ತು. ಅವನು ಹೇಳಿದ್ದೇನು? ಬೇರೆ ಊರುಗಳಿಗೆ ಹೋಗೋಣ, ನಾನು ಹೊರಟು ಬಂದಿದ್ದೇ ಅದಕ್ಕೆ ಎಂದ. ಪ್ರಾರ್ಥನೆ ಅವನನ್ನು ಪರಿಚಯದ ಊರಿನಿಂದ ಎಬ್ಬಿಸಿ, ಗೊತ್ತಿಲ್ಲದ ಊರುಗಳಿಗೆ ಕಳಿಸಿತು. ಪ್ರಾರ್ಥನೆಯ ಜಾಗದಲ್ಲೂ ಅವನು ಉಳಿದುಕೊಳ್ಳಲಿಲ್ಲ. ಮುಂದೆ ಆರನೇ ಅಧ್ಯಾಯದಲ್ಲಿ ಇನ್ನೊಂದು ಇದೆ. ಊಟಕ್ಕೂ ಪುರುಸೊತ್ತಿಲ್ಲದೆ ದಣಿದ ಶಿಷ್ಯರನ್ನು ಕರೆದುಕೊಂಡು ಒಂಟಿ ಜಾಗಕ್ಕೆ ದೋಣಿಯಲ್ಲಿ ಹೊರಡುತ್ತಾನೆ. ಜನ ದಡದ ಮೇಲೆ ಓಡಿ ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟುತ್ತಾರೆ. ದೋಣಿಯಿಂದ ಇಳಿದವನಿಗೆ ಎದುರಾದದ್ದು ಅದೇ ಗುಂಪು. ಅವನಿಗೆ ಸಿಟ್ಟು ಬರಲಿಲ್ಲ. ಕುರುಬನಿಲ್ಲದ ಕುರಿಗಳ ಹಾಗೆ ಕಂಡರಂತೆ.

ಈ ಎರಡು ಅಧ್ಯಾಯಗಳನ್ನು ನಾನು ಎಷ್ಟು ಸಲ ಓದಿದ್ದೇನೋ. ಬಾಗಿಲು ತಟ್ಟುವ ಶಬ್ದ ಒಮ್ಮೆಯೂ ಕೇಳಿಸಿರಲಿಲ್ಲ.

ಮಗುವಿಗೆ ಬಂದದ್ದು ಮಲೇರಿಯಾ. ಮಂಗಳೂರಿನಲ್ಲಿ ಮಳೆಗಾಲ ಬಂತೆಂದರೆ ಇದು ಇದ್ದದ್ದೇ. ಕಟ್ಟಡದ ಕೆಲಸದ ಕಡೆ ನೀರು ನಿಲ್ಲುತ್ತದೆ, ಸೊಳ್ಳೆ ಆಗುತ್ತದೆ, ಮೊದಲು ಕಚ್ಚಿಸಿಕೊಳ್ಳುವವರು ಅಲ್ಲೇ ಮಲಗುವವರು. ಮೂರು ದಿನಕ್ಕೆ ಜ್ವರ ಬಿಟ್ಟಿತು. ಮನೆಗೆ ಕಳಿಸುವಾಗ ನರ್ಸ್ ಒಂದು ಮಾತನ್ನು ಮೂರು ಸಲ ಹೇಳಿದರು. ಈ ಸಣ್ಣ ಮಾತ್ರೆ 14 ದಿನ ಕೊಡಲೇಬೇಕು, ಖಾಲಿ ಹೊಟ್ಟೆಗೆ ಬೇಡ, ಮಗು ಆಡುತ್ತಿದೆ ಎಂದು ನಿಲ್ಲಿಸಬೇಡಿ. ಜ್ವರ ಹೋದರೂ ಮಲೇರಿಯಾದ ಕ್ರಿಮಿ ಪಿತ್ತಜನಕಾಂಗದಲ್ಲಿ ಅಡಗಿ ಕೂತಿರುತ್ತದಂತೆ. ಮಾತ್ರೆ ಅರ್ಧಕ್ಕೆ ಬಿಟ್ಟರೆ ತಿಂಗಳುಗಳು ಕಳೆದ ಮೇಲೂ ಮತ್ತೆ ಎದ್ದು ಬರಬಹುದು.

ಆಕೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋಗಬೇಕು. ಅಷ್ಟು ಬೇಗ ಮಗುವಿಗೆ ತಿಂಡಿ ಆಗಿರುವುದಿಲ್ಲ. ನಾನು ದಿನಾ ಬರುತ್ತೇನೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಹೇಳಿದ ಮೇಲೆ ಎದೆ ಧಸಕ್ಕೆಂದಿತು.

ಮೊದಲ ದಿನ ರಸ್ತೆ ದಾಟುವುದು ನನಗೆ ಕಷ್ಟವಾಯಿತು. ಇಪ್ಪತ್ತು ಹೆಜ್ಜೆ ಕೂಡ ಇರಲಿಲ್ಲ. ಕೆಂಪು ಕೆಸರು, ಒಲೆಯ ಹೊಗೆ, ಹಗ್ಗದ ಮೇಲೆ ಒಣಗದ ಬಟ್ಟೆಗಳ ವಾಸನೆ. ಹಲ್ಲುಜ್ಜುತ್ತಾ ನಿಂತ ಗಂಡಸರು ತಿರುಗಿ ನೋಡಿದರು. ಎರಡು ವರ್ಷದಿಂದ ಈ ಜನ ನಮ್ಮ ಎದುರಿಗೇ ಇದ್ದರು. ಅವರ ಕೆಲಸದ ಸದ್ದಿಗೆ ನಾನು ಕಿಟಕಿ ಮುಚ್ಚಿದ್ದೇನೆ. ಒಬ್ಬರ ಹೆಸರೂ ಕೇಳಿರಲಿಲ್ಲ.

ಕುಚ್ಚಲಕ್ಕಿ ಗಂಜಿ ಒಯ್ದಿದ್ದೆ, ಜೊತೆಗೆ ಸ್ವಲ್ಪ ತುಪ್ಪ. ನಮ್ಮಲ್ಲಿ ಜ್ವರ ಬಂದವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಮಗು ಒಂದು ಚಮಚ ತಿಂದು ಮುಖ ತಿರುಗಿಸಿತು. ಎರಡನೇ ದಿನವೂ ಅದೇ. ಮೂರನೇ ದಿನ ಆಕೆಯೇ ಮೆಲ್ಲಗೆ ಹೇಳಿದಳು, ಈ ದಪ್ಪ ಅಕ್ಕಿ ನಮ್ಮ ಕೂಸಿಗೆ ಸೇರೂದಿಲ್ರಿ ಅಂತ. ಬಾಗಲಕೋಟೆ ಕಡೆಯವರು. ಜೋಳದ ರೊಟ್ಟಿ ತಿಂದು ಬೆಳೆದವರು. ಅವರಿಗೆ ಬೇಕಾದದ್ದನ್ನು ಕೇಳದೆ, ನನಗೆ ರುಚಿಯಾದದ್ದನ್ನು ಪ್ರೀತಿಯಿಂದ ಒಯ್ಯುತ್ತಿದ್ದೆ. ಜೋಳದ ಹಿಟ್ಟು ತಂದು ಆಕೆಯ ಕೈಗೆ ಕೊಟ್ಟೆ. ಅಂಗೈಯಲ್ಲಿ ತಟ್ಟಿ ತಟ್ಟಿ ಆಕೆ ಎಷ್ಟು ಬೇಗ ರೊಟ್ಟಿ ಮಾಡಿದಳೆಂದರೆ ನಾನು ನೋಡುತ್ತಲೇ ಇದ್ದೆ. ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿ ತಿಂದು ಮಗು ಮಾತ್ರೆ ನುಂಗಿತು. ಒಂದು ತುಂಡು ನನಗೂ ಕೊಟ್ಟರು. ತಗಡಿನ ಮೇಲೆ ಮಳೆ ಬೀಳುವಾಗ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಸುಮ್ನೆ ಕೂತು ತಿಂದೆವು.

ಆ ಸದ್ದಿನಲ್ಲಿ ಕೂತಾಗ ನಮ್ಮ ಮುತ್ತಜ್ಜನ ಯೋಚನೆ ಬಂತು. ಅವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಮನೆಯಿಂದ ಹೊರಗೆ ಹಾಕಿದರು ಎಂದು ಅಜ್ಜಿ ಹೇಳುತ್ತಿದ್ದರು. ಉಟ್ಟ ಬಟ್ಟೆಯಲ್ಲಿ ಬಂದವರು. ಜಮೀನಿಲ್ಲ, ಬಂಧುಗಳಿಲ್ಲ, ಮಾಡುತ್ತಿದ್ದ ಕೆಲಸವೂ ಹೋಯಿತು. ಅಂಥವರು ಬಹಳ ಜನ ಇದ್ದರು. ಬಾಸೆಲ್ ಮಿಷನ್ನಿನವರು ನೇಯ್ಗೆ, ಹಂಚಿನ ಕಾರ್ಖಾನೆ ಎಂದೆಲ್ಲ ಶುರುಮಾಡಿದ್ದಕ್ಕೆ ಇದೂ ಒಂದು ಕಾರಣ. ಜೆಪ್ಪುವಿನ ಹಂಚಿನ ಕಾರ್ಖಾನೆ 1865ರದ್ದು. ಮುತ್ತಜ್ಜ ಅಲ್ಲಿ ಆವೆಮಣ್ಣು ತುಳಿದರು, ಹಂಚು ಒಣಗಿಸಿದರು. ಮೊದಲು ಕೆಲವು ವರ್ಷ ಅವರೂ ಹುಲ್ಲಿನ ಗುಡಿಸಲಿನಲ್ಲೇ ಇದ್ದವರು. ಮುತ್ತಜ್ಜ ಒಂದು ಗೆರೆ ದಾಟಿ ಬಂದರು. ಆ ದಾಟುವಿಕೆಯಿಂದ ನಮಗೆ ಹಂಚಿನ ಮನೆ ಬಂತು, ಶಾಲೆ ಬಂತು, ಕೆಲಸ ಬಂತು. ಮೂರು ತಲೆಮಾರು ಆಗುವಾಗ ನಾವು ಆ ಮನೆಯ ಸುತ್ತ ಚಂದದ ಕಂಪೌಂಡ್ ಕಟ್ಟಿಕೊಂಡು ಒಳಗೆ ಕೂತಿದ್ದೇವೆ. ಮುತ್ತಜ್ಜನ ಶಿಲುಬೆಯ ಫಲ ನಮ್ಮ ಕೈಯಲ್ಲಿದೆ. ಆ ಶಿಲುಬೆ ನಮಗೆ ನೆನಪಿಲ್ಲ.

ಐದನೇ ದಿನವೋ ಆರನೇ ದಿನವೋ, ನೆರೆಮನೆಯವರೊಬ್ಬರು ಗೇಟಿನ ಹತ್ತಿರ ಕೇಳಿದರು. "ದಿನಾ ಅಲ್ಲಿಗೆ ಯಾಕೆ ಹೋಗ್ತೀರಿ? ಸುಮ್ನೆ ಯಾರಾದರೂ ಬೇರೆ ಅರ್ಥ ಮಾಡಿಕೊಂಡರೆ ಕಷ್ಟ ಅಲ್ವಾ?" ಕಾಳಜಿಯಿಂದಲೇ ಕೇಳಿದ್ದು. ರಾತ್ರಿ ಮನೆಯಲ್ಲಿ ಇವರೂ ಅದನ್ನೇ ಅಂದರು. ನಮ್ಮ ಜಿಲ್ಲೆಯಲ್ಲಿ ಈಗ ಕ್ರೈಸ್ತಳೊಬ್ಬಳು ದಿನಾ ಕೆಲಸದವರ ಶೆಡ್ಡಿಗೆ ಹೋಗುವುದೆಂದರೆ ನೋಡುವ ಕಣ್ಣುಗಳು ಬೇರೆ ಬೇರೆ ಇರುತ್ತವೆ. ಆ ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ಕೆಸರಿಗಿಂತ ಜಾಸ್ತಿ ಹೆದರಿಸಿದ್ದು ಇದು. ನನ್ನ ಒಳ್ಳೆಯ ಹೆಸರು, ಬೀದಿಯಲ್ಲಿ ಎಲ್ಲರೂ ಮಾತಾಡಿಸುವ ಸುಖ, ಅದು ಹೋದರೆ ಏನು ಮಾಡುವುದು?

ಬೆಳಿಗ್ಗೆ ಮೇಸ್ತ್ರಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಮಗುವಿಗೆ ಇನ್ನು ಇಷ್ಟು ದಿನ ಮಾತ್ರೆ ಇದೆ, ನಾನು ಬಂದು ಹೋಗುತ್ತೇನೆ ಎಂದೆ. ಆತ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಶೆಡ್ಡಿನ ಬಾಗಿಲಲ್ಲಿ ಹಾಕಿಸಿದರು. ಮಗುವಿನ ಹಾಲು, ಹಿಟ್ಟು ಬಿಟ್ಟು ಬೇರೆ ಏನನ್ನೂ ನಾನು ಒಯ್ಯಲಿಲ್ಲ. ಒಂಬತ್ತನೇ ದಿನ ಆಕೆಯೇ ಕೇಳಿದಳು, ಬೆಳಿಗ್ಗೆ ಕುಂತು ಏನು ಓದ್ತೀರಿ ಎಂದು. ಯೇಸುವಿನ ಕಥೆ ಎಂದೆ. ಅಂದು ಓದಿದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಆಕೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದ ಕಥೆ ಹೇಳಿದಳು. ಈ ಮಗು ಹುಟ್ಟುವ ಮೊದಲು ಎರಡು ಮಕ್ಕಳು ಹೋದವಂತೆ. ಆಮೇಲೆ ಹರಕೆ ಹೊತ್ತು ನಡೆದುಕೊಂಡೇ ಹೋದಳಂತೆ. ಅವಳ ಕಾಲುಗಳನ್ನು ನೋಡಿದೆ. ಆ ಒದ್ದೆ ಗುರುತುಗಳು ನೆನಪಾದವು. ನಾನು ಹೇಳಿದ್ದಕ್ಕಿಂತ ಆ ದಿನ ಕೇಳಿದ್ದು ಜಾಸ್ತಿ.

ತನ್ನ ಶಿಲುಬೆ ಹೊತ್ತು ನನ್ನ ಹಿಂದೆ ಬರಲಿ ಎಂಬ ಯೇಸುವಿನ ಮಾತು ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇದೆ. ಲೂಕ ಮಾತ್ರ ಒಂದು ಪದ ಸೇರಿಸುತ್ತಾನೆ. ಒಂಬತ್ತನೇ ಅಧ್ಯಾಯ 23ನೇ ವಚನ. ದಿನವೂ. ಶಿಲುಬೆ ಎಂದರೆ ಯಾವತ್ತೋ ಒಂದು ದಿನ ಬರುವ ದೊಡ್ಡ ಪರೀಕ್ಷೆ, ಮುತ್ತಜ್ಜನಿಗೆ ಬಂದ ಹಾಗೆ, ಎಂದು ನಾನು ತಿಳಿದಿದ್ದೆ. ದಿನವೂ ಎಂದ ಮೇಲೆ ಅದು ಹಾಗಿರಲಾರದು. ಹಾಲು ಬಿಸಿ ಮಾಡುವುದು, ಛತ್ರಿ ತೆಗೆಯುವುದು, ಜ್ವರ ಬಿಟ್ಟ ಮೇಲೂ ಹನ್ನೊಂದನೇ ದಿನ, ಹನ್ನೆರಡನೇ ದಿನ ಎದ್ದು ಹೋಗುವುದು. ಹನ್ನೆರಡನೇ ದಿನ ನನಗೆ ಮನಸ್ಸೇ ಇರಲಿಲ್ಲ. ತಲೆನೋವಿತ್ತು. ಮಗು ಹುಷಾರಾಗಿ ಕೆಸರಿನಲ್ಲಿ ಕುಣಿಯುತ್ತಿತ್ತು. ನನ್ನನ್ನು ನೋಡಿ ಓಡಿ ಬಂದು ಬಾಯಿ ತೆರೆದು ನಿಂತಿತು.

ಹದಿನಾಲ್ಕನೇ ದಿನ ಮಾತ್ರೆ ಮುಗಿಯಿತು. ಅಕ್ಟೋಬರಿನಲ್ಲಿ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಹೊರಡುವಾಗ ಮಗು ನನ್ನ ಕೈಗೆ ಒಂದು ಬಳೆ ಕೊಟ್ಟಿತು. ಅದು ಸತ್ಯವೇದದ ಪಕ್ಕದಲ್ಲೇ ಇದೆ.

ಕುರ್ಚಿಯನ್ನು ಈಗ ಜಗಲಿಗೆ ತಂದಿದ್ದೇನೆ. ಬಾಗಿಲು ತೆಗೆದಿರುತ್ತದೆ. ಪ್ರಾರ್ಥನೆಯ ನಡುವೆ ಹಾಲಿನವರು ಬರುತ್ತಾರೆ, ಪೇಪರಿನ ಹುಡುಗ ಬರುತ್ತಾನೆ, ಎದುರಿನ ಫ್ಲ್ಯಾಟಿನ ಕಾವಲಿನವರು ಬಿಸಿನೀರು ಕೇಳುತ್ತಾರೆ. ಏಕಾಗ್ರತೆ ಮೊದಲಿನ ಹಾಗೆ ಇಲ್ಲ. ಕೆಲವು ದಿನ ಅಧ್ಯಾಯ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಓದಿದ ಅರ್ಧ ದಿನವಿಡೀ ಜೊತೆಗಿರುತ್ತದೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಡಬಾರದು. ಪರಿಚಯ ಇಲ್ಲದವರಿಗೆ ಹಾಲು ಒಯ್ಯುವುದು ಕೊನೆಗೆ ಸುಲಭವೇ ಆಯಿತು. ನನಗೆ ಉಡುಪಿಯಲ್ಲಿ ಒಬ್ಬಳು ತಂಗಿ ಇದ್ದಾಳೆ. ಆರು ವರ್ಷದಿಂದ ಮಾತಿಲ್ಲ. ಅಮ್ಮನ ಮನೆಯ ಪಾಲಿನ ವಿಷಯ. ಯಾರದ್ದು ಸರಿ ಎಂಬ ಲೆಕ್ಕ ನನ್ನ ತಲೆಯಲ್ಲಿ ಪೈಸೆ ಪೈಸೆ ಬರೆದಿಟ್ಟ ಹಾಗಿದೆ. ಅವಳ ಮನೆ ಮಿಷನ್ ಆಸ್ಪತ್ರೆಯ ಹತ್ತಿರ. ಈವಾ ಲೊಂಬಾರ್ಡ್ ಎಂಬ ಸ್ವಿಸ್ ಡಾಕ್ಟರಮ್ಮ 1923ರಲ್ಲಿ ಶುರುಮಾಡಿದ ಆಸ್ಪತ್ರೆ ಅದು. ತಂಗಿಯ ಎರಡೂ ಹೆರಿಗೆ ಅಲ್ಲೇ ಆದದ್ದು, ಎರಡು ಸಲವೂ ರಾತ್ರಿಯಿಡೀ ಹೊರಗೆ ಬೆಂಚಿನಲ್ಲಿ ಕೂತದ್ದು ನಾನು. ಸಮುದ್ರ ದಾಟಿ ಬಂದ ಆ ಹೆಂಗಸು ನಮ್ಮೂರಿನ ಬಾಣಂತಿಯರಿಗೆ ಆಸ್ಪತ್ರೆ ಕಟ್ಟಿದರು. ನನಗೆ ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವಷ್ಟು ದಾರಿ ದಾಟಲಾಗಿಲ್ಲ.

ಸೋಮವಾರ ಓದಿದ್ದು ಮತ್ತಾಯ ಐದನೇ ಅಧ್ಯಾಯ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದು ನಿಂತಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಸಮಾಧಾನವಾಗು ಎನ್ನುತ್ತಾನೆ ಯೇಸು. ಅವನೇ ಹೇಳುತ್ತಿದ್ದಾನೆ, ಆರಾಧನೆಯನ್ನು ಅರ್ಧಕ್ಕೆ ಬಿಟ್ಟು ಏಳು ಎಂದು. ಅಲ್ಲಿಂದ ಮುಂದೆ ಓದಲಾಗಲಿಲ್ಲ. ಮಂಗಳವಾರವೂ ಪುಸ್ತಕ ತೆರೆದರೆ ಅದೇ ಪುಟ.

ಇವತ್ತು ಬುಧವಾರ. ಬೆಳಿಗ್ಗೆ ಅವಳ ನಂಬರ್ ತೆಗೆದು ಅರ್ಧ ಗಂಟೆ ಕೂತೆ. ಫೋನ್ ಮಾಡಲಿಲ್ಲ. ಫೋನಿನಲ್ಲಿ ಮಾತಾಡಿದರೆ ಮತ್ತೆ ಲೆಕ್ಕದ ಮಾತೇ ಬಾಯಿಗೆ ಬರುತ್ತದೆ ಎಂದು ಗೊತ್ತು. ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಇವರು ನಾಳೆ ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ತನಕ ಬಿಡುತ್ತೇನೆ ಎಂದಿದ್ದಾರೆ. ಅವಳಿಗೆ ಅಮ್ಮ ಮಾಡುತ್ತಿದ್ದ ಹಾಗೆ ಬೆಲ್ಲ ಜಾಸ್ತಿ ಹಾಕಿದ ಪತ್ರೊಡೆ ಇಷ್ಟ. ಕೆಸುವಿನ ಎಲೆ ತೊಳೆದು ಇಟ್ಟಿದ್ದೇನೆ, ಅಕ್ಕಿ ನೆನೆಯುತ್ತಿದೆ.